ಹವಳದ ದಿಬ್ಬದ ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್: ಚೂರು ಎಣಿಸಿದರೆ ಸಾಕೇ?

ನೀಲಿಎಳೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಹವಳದ ದಿಬ್ಬದಲ್ಲಿ ಬದುಕುವ ಸಣ್ಣ ಮೀನುಗಳ ಕರುಳಿನಲ್ಲಿ ಮೈಕ್ರೋಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು ಹುಡುಕುತ್ತಿದ್ದೇನೆ. ಡ್ಯಾಮ್ಸೆಲ್ ಜಾತಿಯ ಮೀನು, ಒಂದೊಂದೂ ಕಿರುಬೆರಳಿನಷ್ಟುದ್ದ. ಕರುಳು ತೆಗೆದು ಗಾಜಿನ ಸೀಸೆಗೆ ಹಾಕಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸುರಿದು, 40 ಡಿಗ್ರಿ ಶಾಖದಲ್ಲಿ ಎರಡು ದಿನ ಬಿಟ್ಟರೆ ಮಾಂಸವೆಲ್ಲ ಕರಗಿ ತಿಳಿಗಂದು ನೀರಾಗುತ್ತದೆ. ಅದನ್ನು ಫಿಲ್ಟರ್ ಮೇಲೆ ಸೋಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಕರಗದೆ ಉಳಿದದ್ದೆಲ್ಲ ಕಾಣುತ್ತದೆ. ಸೀಗಡಿ ಜಾತಿಯ ಹುಳುಗಳ ಚಿಪ್ಪಿನ ಚೂರು, ಮರಳಿನ ಕಣ, ಪಾಚಿಯ ತುಂಡು. ಅವುಗಳ ನಡುವೆ ಒಂದು ನೀಲಿ ಎಳೆ.

ಆ ಎಳೆ ಮೊದಲ ಸಲ ಕಂಡ ದಿನ ರಾತ್ರಿ ನಿದ್ದೆ ಬರಲಿಲ್ಲ. ಉಳಿದದ್ದೆಲ್ಲ ಮುರಿದು, ಸವೆದು, ಬಣ್ಣಗೆಟ್ಟಿತ್ತು. ಅದೊಂದು ಮಾತ್ರ ಹೊಸದಾಗಿ ಬಣ್ಣ ಅದ್ದಿದ ಹಾಗೆ ಹೊಳೆಯುತ್ತಿತ್ತು. ಮುಂದಿನ ಮೀನುಗಳಲ್ಲೂ ಅಂಥವೇ ಸಿಕ್ಕವು. ಲೆಕ್ಕ ಬರೆದುಕೊಂಡೆ, ವಿಭಾಗದ ಸೆಮಿನಾರಿನಲ್ಲಿ ಚಿತ್ರ ಸಮೇತ ತೋರಿಸಿಯೂ ಬಂದೆ.

ಆಮೇಲೆ ಮೀನೇ ಇಲ್ಲದ ಖಾಲಿ ಸೀಸೆಯೊಂದಕ್ಕೆ ಅದೇ ದ್ರಾವಣ ಹಾಕಿ, ಅದೇ ರೀತಿ ಸೋಸಿ ನೋಡಿದೆ. ಫಿಲ್ಟರ್ ಮೇಲೆ ಮೂರು ನೀಲಿ ಎಳೆಗಳು. ಆ ದಿನ ನಾನು ತೊಟ್ಟಿದ್ದ ಅಂಗಿಯೂ ನೀಲಿ.

ಈಗ ಏನು ಮಾಡಲಿ? ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇದೆ ಎಂದು ನಾನು ಹೇಳಿದ್ದು ನಿಜವೇ ಎಂಬುದೇ ಗೊತ್ತಾಗುತ್ತಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆಯೂ ಇದೆ. ಒಂದು ಮೀನಿಗೆ ಎರಡು ಚೂರು, ಇನ್ನೊಂದಕ್ಕೆ ನಾಲ್ಕು ಚೂರು ಅಂತ ಎಲ್ಲರೂ ಪ್ರಕಟಿಸುತ್ತಾರಲ್ಲ, ಆ ಸಂಖ್ಯೆಯಿಂದ ಮೀನಿನ ಬಗ್ಗೆ ನಮಗೆ ತಿಳಿಯುವುದಾದರೂ ಏನು? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ.

ಮಾಪನ

ಮೊದಲು ಒಂದು ಮಾತು. ಖಾಲಿ ಸೀಸೆ ಇಟ್ಟು ನೋಡಬೇಕೆಂದು ನಿಮಗೆ ತೋಚಿತಲ್ಲ, ಅಲ್ಲಿಂದಲೇ ನಿಮ್ಮ ಕೆಲಸ ಶುರುವಾಯಿತು ಅಂದುಕೊಳ್ಳಿ. ನಾವು ಇದನ್ನು ಬ್ಲ್ಯಾಂಕ್ ಅನ್ನುತ್ತೇವೆ. ಬ್ಲ್ಯಾಂಕ್ ಇಲ್ಲದೆ ಮಾಡಿದ ಎಣಿಕೆಯನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

ಕೋಣೆಯ ಗಾಳಿಯಲ್ಲಿ ಬಟ್ಟೆಯ ಎಳೆ ಸದಾ ತೇಲುತ್ತಿರುತ್ತದೆ. ಅಂಗಿ, ಪರದೆ, ಕುರ್ಚಿಯ ಹೊದಿಕೆ, ಎಲ್ಲದರಿಂದಲೂ ಉದುರುತ್ತದೆ. ಮೀನು ಕೊಯ್ಯುವಷ್ಟು ಹೊತ್ತು ತೆರೆದ ತಟ್ಟೆಯಲ್ಲಿ ಒಂದೆರಡು ಬೀಳದೆ ಇರುವುದೇ ಅಪರೂಪ. ಅದಕ್ಕೇ ನಾವು ಎದ್ದು ಕಾಣುವ ಒಂದೇ ಬಣ್ಣದ, ಅಂದರೆ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಹತ್ತಿ ಕೋಟು ತೊಡುತ್ತೇವೆ. ಆ ಬಣ್ಣದ ಎಳೆ ಫಿಲ್ಟರ್ ಮೇಲೆ ಕಂಡರೆ ನಮ್ಮದೇ ಅಂತ ತಕ್ಷಣ ಗೊತ್ತಾಗುತ್ತದೆ. ದ್ರಾವಣವನ್ನೂ ನೀರನ್ನೂ ಬಳಸುವ ಮುಂಚೆ ಸೋಸಿ. ಪ್ಲಾಸ್ಟಿಕ್ ಪಾತ್ರೆ ಬೇಡ, ಗಾಜು ಅಥವಾ ಸ್ಟೀಲು ಇರಲಿ. ಪ್ರತಿ ತಂಡದ ಮೀನಿನ ಜೊತೆಗೂ ಬ್ಲ್ಯಾಂಕ್ ಇಡಿ, ವಾರಕ್ಕೊಂದು ಅಂತಲ್ಲ. ಮೈಕ್ರೋಸ್ಕೋಪಿನ ಪಕ್ಕದಲ್ಲಿ ಒದ್ದೆ ಫಿಲ್ಟರ್ ಇರುವ ಪೆಟ್ರಿ ಡಿಶ್ ಒಂದನ್ನು ತೆರೆದಿಟ್ಟರೆ ನೀವು ನೋಡುತ್ತಿರುವ ಹೊತ್ತಿನಲ್ಲಿ ಎಷ್ಟು ಬೀಳುತ್ತದೆ ಎಂಬುದೂ ತಿಳಿಯುತ್ತದೆ.

ಇನ್ನು ಆ ಎಳೆ ಪ್ಲಾಸ್ಟಿಕ್ಕೇ ಹೌದೇ? ಕಣ್ಣಿಗೆ ಬಣ್ಣ ಕಂಡ ಮಾತ್ರಕ್ಕೆ ಪಾಲಿಯೆಸ್ಟರ್ ಅಂತ ಬರೆಯಬೇಡಿ. 2020ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆರು ಸಾಗರ ಪ್ರದೇಶಗಳಿಂದ 916 ನೀರಿನ ಮಾದರಿ ತೆಗೆದು, ಅದರಲ್ಲಿ ಸಿಕ್ಕ ಎಳೆಗಳಲ್ಲಿ ಸುಮಾರು 2,000 ಎಳೆಗಳ ರಾಸಾಯನಿಕ ಗುರುತು ಹಿಡಿದರು. ಪೂರ್ತಿ ಕೃತಕ ಅಂತ ಹೊರಬಿದ್ದದ್ದು ಶೇ 8.2 ಮಾತ್ರ. ಉಳಿದವುಗಳಲ್ಲಿ ಬಹುಪಾಲು ಹತ್ತಿ, ರೇಯಾನ್‌ನಂಥ ಸೆಲ್ಯುಲೋಸ್, ಅಂದರೆ ಗಿಡಮರದ ನಾರಿನಿಂದ ಬಂದವು. ಅವೂ ಬಣ್ಣ ಹಾಕಿದ ಬಟ್ಟೆಯವೇ, ಮನುಷ್ಯನದ್ದೇ ಕಸ, ಆದರೆ ಪ್ಲಾಸ್ಟಿಕ್ ಅಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನ ಕೋರಲ್ ಟ್ರೌಟ್ ಮರಿಗಳ ಹೊಟ್ಟೆಯನ್ನು ಆಸ್ಟ್ರೇಲಿಯಾದ ಸಂಶೋಧಕರು ನೋಡಿದಾಗಲೂ ಹೀಗೇ ಆಯಿತು. ಸಿಕ್ಕ ಎಳೆಗಳಲ್ಲಿ ಅರೆಕೃತಕ (ರೇಯಾನ್ ಥರದ) ಮತ್ತು ಸಹಜ ನಾರಿನವು ಸಾಕಷ್ಟಿದ್ದವು.

ಎಫ್‌ಟಿಐಆರ್ ಇಲ್ಲವೇ ರಾಮನ್ ಯಂತ್ರ, ಅಂದರೆ ಬೆಳಕು ಹಾಯಿಸಿ ವಸ್ತು ಯಾವುದೆಂದು ಗುರುತಿಸುವ ಯಂತ್ರ, ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇದೆಯೇ ವಿಚಾರಿಸಿ. ಎಲ್ಲವನ್ನೂ ಪರೀಕ್ಷಿಸಲು ಆಗದಿದ್ದರೆ ಒಂದು ಪಾಲನ್ನಾದರೂ ಪರೀಕ್ಷಿಸಿ, ಎಷ್ಟು ಪಾಲು ಅಂತ ವರದಿಯಲ್ಲಿ ಬರೆಯಿರಿ.

ಹೊಸಬ

ನಾನು ಈ ವಿಷಯ ಓದಿದವನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಹಾಗಾದರೆ ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಅಂತ ಸುದ್ದಿಯಲ್ಲಿ ಬರುವುದೆಲ್ಲ ಸಂಶೋಧಕರ ಅಂಗಿಯ ಎಳೆಯೇ?

ಅಲೆಸಾಲು

ಖಂಡಿತ ಅಲ್ಲ. ಎಳೆಯ ಲೆಕ್ಕದಲ್ಲಿ ಗೊಂದಲ ಇದೆ ಎಂದ ಮಾತ್ರಕ್ಕೆ ಸಮಸ್ಯೆಯೇ ಇಲ್ಲ ಅಂತ ಆಗುವುದಿಲ್ಲ. ನನಗೆ ಈ ವಿಷಯದ ತೂಕ ಗೊತ್ತಾದದ್ದು ಹವಾಯಿಯ ಅಧ್ಯಯನವೊಂದನ್ನು ಓದಿದಾಗ. 2019ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪಿಎನ್‌ಎಎಸ್ ಪತ್ರಿಕೆಯಲ್ಲಿ ಬಂದದ್ದು.

ಗಾಳಿ ಕಡಿಮೆ ಇರುವ ದಿನ ಕಡಲ ಮೇಲೆ ಉದ್ದುದ್ದ ನುಣುಪು ಪಟ್ಟಿಗಳನ್ನು ನೋಡಿದ್ದೀರಾ? ಸುತ್ತಲಿನ ನೀರೆಲ್ಲ ಸಣ್ಣಗೆ ಸುಕ್ಕುಗಟ್ಟಿರುತ್ತದೆ, ಆ ಪಟ್ಟಿ ಮಾತ್ರ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ನೀರಿನ ಒಳಪದರಗಳಲ್ಲಿ ಸಾಗುವ ಅಲೆಗಳು ಮೇಲ್ಮೈ ನೀರನ್ನು ಎರಡೂ ಕಡೆಯಿಂದ ದೂಡಿ ಒಂದು ಗೆರೆಗೆ ತಂದು ಕೂಡಿಸುತ್ತವೆ. ತೇಲುವುದೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಸೂಕ್ಷ್ಮ ಪಾಚಿ, ಪಾಚಿ ತಿನ್ನುವ ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು), ಅದನ್ನು ತಿನ್ನಲು ಬರುವ ಮೀನಿನ ಎಳೆಮರಿಗಳು.

ಹವಳದ ದಿಬ್ಬದ ಬಹುತೇಕ ಮೀನುಗಳು ದಿಬ್ಬದಲ್ಲೇ ಹುಟ್ಟಿ ದಿಬ್ಬದಲ್ಲೇ ಬೆಳೆಯುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಮೊಟ್ಟೆಯೊಡೆದ ಮರಿ ತೆರೆದ ಕಡಲಿಗೆ ತೇಲಿ ಹೋಗುತ್ತದೆ. ಕೆಲವು ವಾರ ಅಲ್ಲಿ ಬೆಳೆದು, ಬದುಕಿ ಉಳಿದದ್ದು ಮಾತ್ರ ದಿಬ್ಬಕ್ಕೆ ವಾಪಸ್ಸು ಬಂದು ನೆಲೆಸುತ್ತದೆ. ಹುಟ್ಟುವಾಗ ಜೊತೆಗೆ ತಂದ ಭಂಡಾರ ಕೆಲವೇ ದಿನಕ್ಕೆ ಮುಗಿಯುತ್ತದೆ. ಆಮೇಲೆ ಬಾಯಿಗೆ ಸಿಕ್ಕುವ ಮೊದಲ ತುತ್ತುಗಳ ಮೇಲೆ ಅದರ ಬದುಕು ನಿಂತಿರುತ್ತದೆ. ಹೀಗಾಗಿ ಆ ನುಣುಪು ಪಟ್ಟಿಗಳೇ ಮರಿಗಳ ತೊಟ್ಟಿಲು.

ಹವಾಯಿಯ ತಂಡ ಬಲೆ ಎಳೆದು ನೋಡಿತು. ಅಧ್ಯಯನ ಪ್ರದೇಶದಲ್ಲಿ ಆ ಪಟ್ಟಿಗಳು ಹರಡಿದ್ದದ್ದು ಕಡಲ ಮೇಲ್ಮೈಯ ಶೇ 8.3ರಷ್ಟು ಜಾಗದಲ್ಲಿ. ಮೇಲ್ಮೈಯ ಮೀನುಮರಿಗಳಲ್ಲಿ ಶೇ 42.3 ಅಲ್ಲಿದ್ದವು. ತೇಲುವ ಪ್ಲಾಸ್ಟಿಕ್ಕಿನಲ್ಲಿ ಶೇ 91.8 ಕೂಡ ಅಲ್ಲೇ ಇತ್ತು. ಪಕ್ಕದ ನೀರಿಗೆ ಹೋಲಿಸಿದರೆ ಪ್ಲಾಸ್ಟಿಕ್ ಸಾಂದ್ರತೆ 126 ಪಟ್ಟು. ಒಂದು ಮೀನುಮರಿಗೆ ಏಳು ಪ್ಲಾಸ್ಟಿಕ್ ಚೂರು! ತೊಟ್ಟಿಲಲ್ಲಿ ಮಕ್ಕಳಿಗಿಂತ ಕಸವೇ ಹೆಚ್ಚು. 600ಕ್ಕೂ ಹೆಚ್ಚು ಮರಿಗಳನ್ನು ಕೊಯ್ದು ನೋಡಿದಾಗ ಪಟ್ಟಿಯೊಳಗಿನವುಗಳಲ್ಲಿ ಶೇ 8.6ರಷ್ಟು ಪ್ಲಾಸ್ಟಿಕ್ ನುಂಗಿದ್ದವು, ಹೊರಗಿನವಕ್ಕಿಂತ ದುಪ್ಪಟ್ಟಿಗೂ ಹೆಚ್ಚು.

ಶೇ 8.6 ಅಂದರೆ ಕಡಿಮೆಯಲ್ಲವೇ ಅಂತ ನಮ್ಮ ತರಗತಿಯಲ್ಲಿ ಒಬ್ಬರು ಕೇಳಿದ್ದರು. ಹಾಗೆ ನುಂಗಿ ಸತ್ತು ಮುಳುಗಿದ ಮರಿ ಬಲೆಗೆ ಬರುವುದಿಲ್ಲ. ಬಲೆಯಲ್ಲಿ ಸಿಕ್ಕದ್ದು ಬದುಕಿದ್ದವುಗಳ ಲೆಕ್ಕ.

@ನೀಲಿಎಳೆ, ನೀವು ಎಣಿಸುತ್ತಿರುವುದು ಬೆಳೆದ ಮೀನು. ಅದು ಈ ಪಟ್ಟಿಯನ್ನು ದಾಟಿ ಬಂದಾಗಿದೆ.

ಜೀವಶಾಸ್ತ್ರ_ಮೇಷ್ಟ್ರು

ಅಲೆಸಾಲು ಅವರ ಮಾತಿಗೆ ಗಾತ್ರದ ವಿಷಯ ಸೇರಿಸುತ್ತೇನೆ. ನಾನು ಪದವಿ ತರಗತಿಗೆ ಪಾಠ ಹೇಳುವವನು. ಸಂಶೋಧಕನಲ್ಲ, ಆದರೆ ಈ ಪ್ರಯೋಗವನ್ನು ವರ್ಷ ವರ್ಷವೂ ಮಕ್ಕಳಿಗೆ ವಿವರಿಸುತ್ತೇನೆ.

ಮೈಕ್ರೋಪ್ಲಾಸ್ಟಿಕ್ ಅಂದರೆ 5 ಮಿಲಿಮೀಟರಿಗಿಂತ ಚಿಕ್ಕದು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 2004ರಲ್ಲಿ ರಿಚರ್ಡ್ ಥಾಂಪ್ಸನ್ ಅವರ ತಂಡದ ಲೇಖನದಿಂದ ಆ ಪದ ಹರಡಿತು, 2008ರಲ್ಲಿ ಅಮೆರಿಕದಲ್ಲಿ ನಡೆದ ಕಾರ್ಯಾಗಾರದ ನಂತರ 5 ಮಿ.ಮೀ. ಎಂಬ ಗೆರೆ ರೂಢಿಯಾಯಿತು. ಆದರೆ ಆ ಗೆರೆ ನಮ್ಮ ಅನುಕೂಲಕ್ಕೆ ಎಳೆದದ್ದು. ಮೀನಿನ ಬಾಯಿಗೆ ಅದರ ಹಂಗಿಲ್ಲ. 5 ಮಿ.ಮೀ. ಉಂಡೆ ಮತ್ತು 50 ಮೈಕ್ರಾನ್ ಪುಡಿ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ನಮ್ಮ ಪುಸ್ತಕದಲ್ಲಿ ಒಂದೇ ಜಾತಿ. ಮರಿಯ ಪಾಲಿಗೆ ಮೊದಲನೆಯದು ಬಂಡೆ, ಎರಡನೆಯದು ತುತ್ತು.

2018ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರ ಪ್ರಯೋಗ ಬಂತು. ಅಕಾಂತೊಕ್ರೋಮಿಸ್ ಪಾಲಿಅಕಾಂತಸ್ ಎಂಬ ಡ್ಯಾಮ್ಸೆಲ್ ಮೀನಿನ ಎಳೆಯವುಗಳಿಗೆ ಆಹಾರದ ಜೊತೆ ಪ್ಲಾಸ್ಟಿಕ್ ಹಾಕಿದರು. ಚೂರು ಸರಾಸರಿ 2 ಮಿ.ಮೀ. ಇದ್ದಾಗ ಮೀನಿನ ಹೊಟ್ಟೆಯಲ್ಲಿ ಸಿಕ್ಕದ್ದು ಅತ್ಯಲ್ಪ. ಅದನ್ನೇ 300 ಮೈಕ್ರಾನಿಗಿಂತ ಸಣ್ಣದಾಗಿ, ಅಂದರೆ ಆಹಾರದ ಕಾಳಿನ ಕಾಲು ಭಾಗದಷ್ಟಕ್ಕೆ ಇಳಿಸಿದಾಗ ಒಂದೇ ಮೀನಿನ ಕರುಳಿನಲ್ಲಿ 2,000ಕ್ಕೂ ಹೆಚ್ಚು ಚೂರು ಸಿಕ್ಕವು! ಅದೇ ಮೀನು, ಅದೇ ತೊಟ್ಟಿ, ಬದಲಾದದ್ದು ಚೂರಿನ ಗಾತ್ರ. ಆಹಾರದ ಪಾಲನ್ನು ಪ್ಲಾಸ್ಟಿಕ್ ಆಕ್ರಮಿಸಿದಾಗ ಮೀನು ಬೆಳೆಯುವುದೂ ಮೈ ತುಂಬುವುದೂ ಕುಂಠಿತವಾಯಿತು.

ಹಾಗಾಗಿ ಇಂದಿನ ದೊಡ್ಡ ಚೂರು ದೊಡ್ಡ ಮೀನಿಗೆ ತೊಂದರೆ ಕೊಡದಿದ್ದರೂ ನಿಶ್ಚಿಂತೆಯಾಗಿ ಇರುವಂತಿಲ್ಲ. ಬಿಸಿಲಿಗೆ ಪೆಡಸಾಗಿ, ಅಲೆಗೆ ಉಜ್ಜಿ ಒಡೆಯುತ್ತಾ ಅದು ಎಂದೋ ಒಂದು ದಿನ ಯಾರದೋ ತುತ್ತಿನ ಗಾತ್ರಕ್ಕೆ ಬಂದೇ ಬರುತ್ತದೆ. ಸಮುದ್ರಕ್ಕೆ ಹೊಸ ಪ್ಲಾಸ್ಟಿಕ್ ಬೀಳುವುದು ನಾಳೆಯೇ ನಿಂತರೂ ಒಡೆಯುವುದು ನಿಲ್ಲದು. ನನ್ನನ್ನು ಹೆಚ್ಚು ಕಾಡುವುದು ಇದು.

ಮುಳುಗುಗಾರ

ನಾನು ನೀರಿಗಿಳಿಯುವವನು, ದಿಬ್ಬಗಳ ಸಮೀಕ್ಷೆಗೆ ಡೈವಿಂಗ್ ಸಹಾಯ ಮಾಡುತ್ತೇನೆ. ಮೈಕ್ರೋ ನನ್ನ ಕಣ್ಣಿಗೆ ಕಾಣಲ್ಲ. ಕಾಣೋದು ಹಗ್ಗ. ಕವಲು ಕವಲಾಗಿ ಬೆಳೆದ ಹವಳಕ್ಕೆ ಹಸಿರು ನೈಲಾನ್ ಹಗ್ಗ ಸುತ್ತಿಕೊಂಡಿರುತ್ತೆ. ಅಲೆ ಬಂದಾಗಲೆಲ್ಲ ಅದು ಗರಗಸದ ಹಾಗೆ ಹಿಂದಕ್ಕೂ ಮುಂದಕ್ಕೂ ಆಡುತ್ತೆ. ಹವಳದ ಮೇಲಿನ ಜೀವಂತ ಪದರ ಕಿತ್ತು ಬಿಳಿ ಸುಣ್ಣ ಕಾಣಿಸುತ್ತೆ, ಹಗ್ಗದ ಎಳೆ ಬಿಚ್ಚಿ ಕುಂಚದ ಹಾಗೆ ಹರಡಿಕೊಂಡಿರುತ್ತೆ. ಆ ಕುಂಚದ ಪಕ್ಕದಲ್ಲೇ ಸಣ್ಣ ಮೀನುಗಳು ಏನನ್ನೋ ಕುಕ್ಕುತ್ತಾ ಇರುತ್ತವೆ. ಪಾಚಿ ಕುಕ್ಕುತ್ತಿವೆಯೋ ಎಳೆ ಕುಕ್ಕುತ್ತಿವೆಯೋ, ಹತ್ತಿರ ಹೋದರೂ ಹೇಳೋಕಾಗಲ್ಲ.

ಬಿಚ್ಚಲು ಹೋದರೆ ಕವಲೇ ಮುರಿಯುತ್ತೆ. ಕತ್ತರಿಯಿಂದ ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಚೀಲಕ್ಕೆ ಹಾಕಿಕೊಂಡು ಬರಬೇಕು. ಕತ್ತರಿಸುವಾಗ ಸಣ್ಣ ಎಳೆಗಳು ಕೈತಪ್ಪಿ ತೇಲಿಹೋಗುತ್ತವೆ. ಅವನ್ನು ಹಿಡಿಯಲು ನನ್ನಿಂದ ಆಗಿಲ್ಲ, ಪ್ರತಿ ಸಲವೂ ಹೊಟ್ಟೆ ಉರಿಯುತ್ತೆ.

ಅಲೆಸಾಲು

@ಮುಳುಗುಗಾರ, ನಿಮ್ಮ ಕಣ್ಣು ಸರಿಯಾದ ಕಡೆಯೇ ಹೋಗಿದೆ. 2023ರ ನೇಚರ್ ಅಧ್ಯಯನದಲ್ಲಿ 14 ದೇಶಗಳ 84 ದಿಬ್ಬಗಳನ್ನು 150 ಮೀಟರ್ ಆಳದವರೆಗೆ ಇಳಿದು ನೋಡಿದರು. 77ರಲ್ಲಿ ಕಸ ಸಿಕ್ಕಿತು, ಅದರಲ್ಲಿ ಶೇ 88 ಪ್ಲಾಸ್ಟಿಕ್ಕು. ಆಳಕ್ಕೆ ಹೋದಂತೆ ಕಡಿಮೆಯಾಗಬಹುದು ಅಂತ ನಾನಾದರೆ ಅಂದುಕೊಳ್ಳುತ್ತಿದ್ದೆ, ಆದರೆ ಹೆಚ್ಚಾಗುತ್ತಾ ಹೋಯಿತು. ಬಹುಪಾಲು ಮೀನುಗಾರಿಕೆಯ ಬಲೆ, ಹಗ್ಗ, ದಾರ.

ಬ್ರಿಟನ್ನಿನ ಪ್ಲಿಮತ್‌ನವರು 2022ರಲ್ಲಿ ಹಗ್ಗವನ್ನೇ ಪರೀಕ್ಷೆ ಮಾಡಿದರು. ಹೊಸ ಹಗ್ಗವನ್ನು ಒಂದು ಮೀಟರ್ ಎಳೆದರೆ ಸುಮಾರು 20 ಚೂರು ಉದುರುತ್ತವೆ. ವರ್ಷಗಟ್ಟಲೆ ದುಡಿದು ಸವೆದ ಹಗ್ಗವಾದರೆ 700 ಮೀರುತ್ತದೆ. ನೀವು ಕಂಡ ಕುಂಚ ಅಲೆ ಬಂದಾಗಲೆಲ್ಲ ಅದನ್ನೇ ಮಾಡುತ್ತಿರುತ್ತದೆ.

ಬಿಸಿಕಡಲು

ಚರ್ಚೆ ಚೆನ್ನಾಗಿದೆ, ಆದರೆ ನನ್ನ ಆಕ್ಷೇಪ ಇದೆ. ನೇರವಾಗಿ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

2023ರಿಂದ ಕಡಲು ಕಾದು ನಾಲ್ಕನೇ ಜಾಗತಿಕ ಬಿಳುಚುವಿಕೆ, ಅಂದರೆ ಶಾಖಕ್ಕೆ ಹವಳ ಬಣ್ಣ ಕಳೆದುಕೊಂಡು ಬೆಳ್ಳಗಾಗುವುದು ನಡೆಯಿತು, 2024ರ ಏಪ್ರಿಲ್‌ನಲ್ಲಿ ಅದರ ಘೋಷಣೆಯಾಯಿತು. ಜಗತ್ತಿನ ಹವಳದ ದಿಬ್ಬಗಳ ಶೇ 80ಕ್ಕೂ ಹೆಚ್ಚು ಭಾಗಕ್ಕೆ ಬಿಳುಚಿಸುವಷ್ಟು ಶಾಖ ತಟ್ಟಿದೆ. ಹವಳವೇ ಸತ್ತ ಮೇಲೆ ಅಲ್ಲಿನ ಮೀನು ಎರಡು ಎಳೆ ನುಂಗಿದರೆಷ್ಟು, ಬಿಟ್ಟರೆಷ್ಟು? ಪ್ಲಾಸ್ಟಿಕ್ ಬಗ್ಗೆ ಮಾತಾಡುವುದು ಸುಲಭ. ಕೈಚೀಲ ಬದಲಾಯಿಸಿ ಸಮಾಧಾನ ಪಡಬಹುದು. ಇಂಗಾಲದ ಬಗ್ಗೆ ಮಾತಾಡುವುದು ಕಷ್ಟ. ಸುಲಭದ್ದು ಕಷ್ಟದ್ದನ್ನು ಮರೆಸುತ್ತಿದೆ ಎಂಬ ಆತಂಕ ನನ್ನದು.

ಇನ್ನೊಂದು. ಪ್ರಯೋಗಾಲಯಗಳಲ್ಲಿ ಮೀನಿಗೆ ಹಾಕುವ ಪ್ಲಾಸ್ಟಿಕ್ ಪ್ರಮಾಣ ಕಡಲಲ್ಲಿ ಇರುವುದಕ್ಕಿಂತ ನೂರು ಪಟ್ಟಿನಿಂದ ಒಂದು ಕೋಟಿ ಪಟ್ಟಿನವರೆಗೆ ಹೆಚ್ಚಿರುತ್ತದೆ ಅಂತ 2016ರಲ್ಲೇ ಪಿಎನ್‌ಎಎಸ್‌ಗೆ ಬರೆದ ಪತ್ರದಲ್ಲಿ ಕೆಲವು ಸಂಶೋಧಕರು ತೋರಿಸಿದ್ದರು. ಅಷ್ಟು ಹಾಕಿದರೆ ಮರಳೂ ತೊಂದರೆ ಕೊಟ್ಟೀತು.

ಜೀವಶಾಸ್ತ್ರ_ಮೇಷ್ಟ್ರು

ಬೇಸರ ಯಾಕೆ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಪ್ರಮಾಣದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ನಾನು ಮೇಲೆ ಹೇಳಿದ ಪ್ರಯೋಗವೂ ತೊಟ್ಟಿಯದ್ದೇ. ಅದಕ್ಕೇ ತೊಟ್ಟಿಯಿಂದ ಹೊರಗೆ, ದಿಬ್ಬದ ಮೇಲೆಯೇ ಮಾಡಿದ ಪ್ರಯೋಗವೊಂದನ್ನು ಹೇಳುತ್ತೇನೆ. ನಿಮ್ಮ ಎರಡು ಚಿಂತೆಗಳೂ ಅದರಲ್ಲಿ ಸೇರಿವೆ.

2020ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದದ್ದು. ಅಂಬಾನ್ ಡ್ಯಾಮ್ಸೆಲ್ ಎಂಬ ಮೀನಿನ ಮರಿಗಳನ್ನು, ಕಡಲಿಂದ ದಿಬ್ಬಕ್ಕೆ ಬಂದು ನೆಲೆಸುವ ಮುಂಚೆಯೇ ಹಿಡಿದರು. ನಾಲ್ಕು ದಿನಗಳಲ್ಲಿ ಆರು ಸಲ ಪಾಲಿಸ್ಟೈರೀನ್ ಕಣ ತಿನ್ನಿಸಿದರು. ಆಮೇಲೆ ಕೆಲವನ್ನು ಜೀವಂತ ಹವಳದ ಮೇಲೆ, ಕೆಲವನ್ನು ಸತ್ತು ಹಾಳಾದ ಹವಳದ ಮೇಲೆ ಬಿಟ್ಟರು. ಪ್ಲಾಸ್ಟಿಕ್ ತಿನ್ನದ ಮರಿಗಳನ್ನೂ ಹಾಗೆಯೇ ಬಿಟ್ಟು ಹೋಲಿಸಿದರು.

ಪ್ಲಾಸ್ಟಿಕ್ ತಿಂದ ಮರಿ ಮಂಕಾಗುತ್ತದೆ ಅಂತ ನಾನು ಊಹಿಸಿದ್ದೆ. ಆದದ್ದು ಬೇರೆ. ಅದು ಧೈರ್ಯಶಾಲಿಯಾಯಿತು. ಹೆಚ್ಚು ಓಡಾಡಿತು, ಹವಳದ ಆಸರೆ ಬಿಟ್ಟು ದೂರ ದೂರ ಹೋಯಿತು. ಬೇಟೆಗಾರ ಮೀನುಗಳು ಸುತ್ತ ಕಾಯುತ್ತಿರುವ ಜಾಗದಲ್ಲಿ ಆ ಧೈರ್ಯ ಅಂದರೆ ಸಾವು. ಉಳಿವಿನ ಲೆಕ್ಕದಲ್ಲೂ ಅದೇ ಕಂಡಿತು. ಸತ್ತ ಹವಳದ ಮೇಲೆ ಬಿಟ್ಟ ಮರಿಗಳೂ ಹೀಗೇ ಅಂಕೆ ತಪ್ಪಿ ಅಡ್ಡಾಡಿದವು, ಆದರೆ ಎರಡನ್ನು ಅಳೆದು ನೋಡಿದಾಗ ಪ್ಲಾಸ್ಟಿಕ್ಕಿನ ಪರಿಣಾಮವೇ ಹೆಚ್ಚಿತ್ತು.

ಹವಳ ಸಾಯುವುದು ದೊಡ್ಡ ಅಪಾಯ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಿಳುಚಿದ ದಿಬ್ಬ ಚೇತರಿಸಿಕೊಳ್ಳಬೇಕಾದರೆ ಪಾಚಿ ಮೇಯುವ ಮೀನು ಬೇಕು. ಆ ಮೀನು ಮರಿಯಿಂದಲೇ ಬರಬೇಕು. ಇವೆರಡನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಬಿಸಿಕಡಲು

ಈ ಪ್ರಯೋಗ ನನಗೆ ಗೊತ್ತಿರಲಿಲ್ಲ ಸರ್, ಧನ್ಯವಾದ. ದಿಬ್ಬದ ಮೇಲೆ ಮಾಡಿದ್ದು ಎಂಬುದು ಮುಖ್ಯ. ತಿನ್ನಿಸಿದ ಪ್ರಮಾಣದ ಪ್ರಶ್ನೆಯನ್ನು ಮಾತ್ರ ನಾನು ಬಿಡುವುದಿಲ್ಲ.

ಮಾಪನ

ಬಿಡಬೇಡಿ. ಈ ಕ್ಷೇತ್ರಕ್ಕೆ ಅಂಥ ಹಟ ಬೇಕಾಗಿದೆ, ಯಾಕೆ ಅಂತ ಒಂದು ಕಹಿ ಪ್ರಸಂಗ ಹೇಳುತ್ತೇನೆ.

2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬಾಲ್ಟಿಕ್ ಸಮುದ್ರದ ಪರ್ಚ್ ಮೀನಿನ ಮರಿಗಳು ಸಹಜ ಆಹಾರ ಬಿಟ್ಟು ಪ್ಲಾಸ್ಟಿಕ್ಕನ್ನೇ ಬಯಸಿ ತಿನ್ನುತ್ತವೆ ಎಂದು ಅದರ ವಾದ. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು, ನಾನೂ ಹತ್ತು ಜನರಿಗೆ ಕಳಿಸಿದ್ದೆ. ಪ್ರಯೋಗ ನಡೆದ ರೀತಿಯ ಬಗ್ಗೆಯೇ ಬೇರೆ ಸಂಶೋಧಕರು ದೂರು ಕೊಟ್ಟರು, ತನಿಖೆ ನಡೆಯಿತು, 2017ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆದರು. ಇವತ್ತಿಗೂ ಅದನ್ನು ನಿಜವೆಂದು ಹೇಳುವವರನ್ನು ನೋಡುತ್ತೇನೆ. ಮೀನು ಪ್ಲಾಸ್ಟಿಕ್ಕನ್ನು ಇಷ್ಟಪಟ್ಟು ತಿನ್ನುತ್ತದೆ ಅಂತ ಯಾರಾದರೂ ಬರೆದರೆ ದಯವಿಟ್ಟು ಇದನ್ನು ನೆನಪಿಸಿ.

ಕಡಲಿನ ಪ್ಲಾಸ್ಟಿಕ್ ಎಷ್ಟು ಎಂಬುದೇ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ ಎಂಬುದೂ ಇದರ ಜೊತೆಗೆ ಬರಬೇಕು. ಹೆಚ್ಚಿನ ಸಮೀಕ್ಷೆಗಳಲ್ಲಿ ಬಳಸುವ ಬಲೆಯ ಕಣ್ಣು ಸುಮಾರು 333 ಮೈಕ್ರಾನ್. ಮೇಷ್ಟ್ರು ಹೇಳಿದ ಪ್ರಯೋಗದಲ್ಲಿ ಮೀನು ಸಾವಿರಗಟ್ಟಲೆ ನುಂಗಿದ್ದು 300 ಮೈಕ್ರಾನಿಗಿಂತ ಸಣ್ಣದನ್ನು. ಅಂದರೆ ಮೀನು ಹೆಚ್ಚು ತಿನ್ನುವ ಗಾತ್ರವೇ ನಮ್ಮ ಬಲೆಯಿಂದ ಸೋರಿಹೋಗುತ್ತಿದೆ. ಬಿಸಿಕಡಲು ಅವರು ಹೇಳಿದ ಹೋಲಿಕೆಯಲ್ಲಿ ಕಡಲಿನ ಕಡೆಯ ಅಂಕಿ ಎಷ್ಟು ನಂಬಿಕೆಯದ್ದು ಎಂಬುದನ್ನೂ ಕೇಳಬೇಕಾಗುತ್ತದೆ.

ಹೊಸಬ

ತಿಂದದ್ದು ಹೊಟ್ಟೆಯಲ್ಲೇ ಉಳಿಯುತ್ತದೆಯೇ? ಮೀನು ತಿನ್ನುವ ನಮಗೂ ಬರುತ್ತದೆಯೇ?

ಮಾಪನ

ಬಹುಪಾಲು ಹೊರಗೆ ಹೋಗುತ್ತದೆ. ಸಿಹಿನೀರಿನ ಗೋಲ್ಡ್‌ಫಿಶ್‌ಗಳಲ್ಲಿ ಅಳೆದಾಗ ಅರ್ಧದಷ್ಟು ಚೂರು ಸುಮಾರು 10 ಗಂಟೆಯಲ್ಲಿ, ಶೇ 90ರಷ್ಟು ಸುಮಾರು 33 ಗಂಟೆಯಲ್ಲಿ ಹೊರಬಿತ್ತು. ಹಾಗಾಗಿ @ನೀಲಿಎಳೆ, ನಿಮ್ಮ ಫಿಲ್ಟರ್ ಮೇಲೆ ಕಾಣುವುದು ಮೀನು ಸಿಕ್ಕಿಬೀಳುವ ಮುಂಚಿನ ಒಂದೆರಡು ದಿನದ ಊಟ. ಅದರ ಇಡೀ ಬದುಕಿನ ಲೆಕ್ಕ ಅಲ್ಲ. ನೀವು ಮೊದಲು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಮನುಷ್ಯರ ವಿಷಯ: ಸಿಕ್ಕುವುದು ಹೆಚ್ಚಾಗಿ ಕರುಳಿನಲ್ಲಿ, ಕರುಳು ತೆಗೆದು ತಿನ್ನುವ ಮೀನಿನಿಂದ ಬರುವ ಪಾಲು ಸಣ್ಣದು. ಮಾಂಸಖಂಡದಲ್ಲಿ ಸಿಕ್ಕಿತು ಎನ್ನುವ ವರದಿಗಳನ್ನು ಬ್ಲ್ಯಾಂಕ್ ನೋಡದೆ ನಂಬಬೇಡಿ. ಈ ಚರ್ಚೆಯಲ್ಲಿ ಮೀನಿನ ಬಗ್ಗೆಯೇ ಮಾತಾಡೋಣ.

ಮುಳುಗುಗಾರ

ಗಿಣಿಮೀನಿನ ಬಗ್ಗೆ ಯಾರಾದರೂ ಹೇಳಿ. ದಿನವಿಡೀ ಹವಳದ ಮೇಲಿನ ಪಾಚಿ ಕೆರೆಯುತ್ತಾ ಇರುತ್ತೆ, ಆ ಕರಕರ ಸದ್ದು ನೀರೊಳಗೆ ನನಗೂ ಕೇಳಿಸುತ್ತೆ. ಪಾಚಿಯ ನಡುವೆ ಸಿಕ್ಕಿಕೊಂಡ ಚೂರೂ ಅದರ ಜೊತೆ ಒಳಗೆ ಹೋಗಬೇಕಲ್ಲ?

ಅಲೆಸಾಲು

ಒಳ್ಳೆಯ ಪ್ರಶ್ನೆ. ಗಿಣಿಮೀನಿಗೆ ಜಠರವೇ ಇಲ್ಲ. ಅದರ ಬದಲು ಗಂಟಲಲ್ಲಿ ಎರಡನೇ ಜೊತೆ ದವಡೆ ಇದೆ, ಅದು ಬೀಸುವ ಕಲ್ಲಿನ ಹಾಗೆ ಹವಳದ ಸುಣ್ಣವನ್ನು ಅರೆದು ಮರಳಾಗಿ ಹೊರಹಾಕುತ್ತದೆ. ಸುಣ್ಣ ಅರೆಯುವ ಕಲ್ಲಿಗೆ ಪ್ಲಾಸ್ಟಿಕ್ ಸಿಕ್ಕರೆ ಏನಾಗಬಹುದು ಅಂತ ನಾನೂ ಯೋಚಿಸಿದ್ದೇನೆ. ಅಂಟಾರ್ಕ್ಟಿಕಾದ ಕ್ರಿಲ್ ಎಂಬ ಸೀಗಡಿಯಂಥ ಜೀವಿ ನುಂಗಿದ ಪಾಲಿಎಥಿಲೀನ್ ಮಣಿಗಳನ್ನು ಅರೆದು ಒಂದು ಮೈಕ್ರಾನಿಗಿಂತ ಸಣ್ಣದಾಗಿ ಹೊರಬಿಟ್ಟದ್ದನ್ನು 2018ರಲ್ಲಿ ತೋರಿಸಿದ್ದಾರೆ. ಗಿಣಿಮೀನೂ ಹಾಗೆ ಮಾಡಿದರೆ, ಮೇಷ್ಟ್ರು ಹೇಳಿದ ಒಡೆಯುವ ಕೆಲಸಕ್ಕೆ ಬಿಸಿಲು, ಅಲೆಗಳ ಜೊತೆ ದಿಬ್ಬದ ಮೀನೇ ಕೈಹಾಕಿದ ಹಾಗಾಯಿತು. ಇದು ನನ್ನ ಊಹೆ, ಊಹೆ ಅಂತಲೇ ಓದಿಕೊಳ್ಳಿ.

ಹವಳವೂ ಸುಮ್ಮನಿಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳ ಪ್ಲಾಸ್ಟಿಕ್ ನುಂಗುವುದನ್ನು 2015ರಲ್ಲೇ ಕಂಡರು. ಕೆಲವು ಕಣಗಳನ್ನು ಹವಳ ತನ್ನ ಸುಣ್ಣದ ಗೂಡಿನೊಳಗೇ ಹುದುಗಿಸಿಕೊಂಡುಬಿಡುತ್ತದೆ ಎಂದು 2022ರ ಜರ್ಮನ್ ಅಧ್ಯಯನ ಹೇಳುತ್ತದೆ.

ಬಿಸಿಕಡಲು

ಕೊನೆಗೆ ಹೊರಗಿನ ಮಾತು ಒಂದೇ. 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಜಾಗತಿಕ ಪ್ಲಾಸ್ಟಿಕ್ ಒಪ್ಪಂದ ಮಾಡೋಣ ಅಂತ ನಿರ್ಣಯವಾಯಿತು. 2024ರ ಕೊನೆಯಲ್ಲಿ ಬೂಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಕೂತರೂ ಒಮ್ಮತ ಬರಲಿಲ್ಲ. ಉತ್ಪಾದನೆಗೇ ಮಿತಿ ಹಾಕಬೇಕೇ ಎಂಬಲ್ಲಿಗೆ ಬಂದು ನಿಂತಿತು. ವರ್ಷಕ್ಕೆ 40 ಕೋಟಿ ಟನ್ ತಯಾರಾಗುತ್ತಿರುವಾಗ ದಿಬ್ಬದಲ್ಲಿ ಹಗ್ಗ ಬಿಚ್ಚುವ ಮುಳುಗುಗಾರ ಅವರ ಕೈ ಎಷ್ಟಕ್ಕೆ ಸಾಕಾದೀತು? ಪ್ಲಾಸ್ಟಿಕ್ಕಿನ ಮೂಲವೂ ತೈಲವೇ. ಇಲ್ಲಿ ನನ್ನ ಚಿಂತೆ ಮತ್ತು ನಿಮ್ಮ ಚಿಂತೆ ಒಂದೇ ಕಡೆ ಬಂದು ಸೇರುತ್ತವೆ ಅನ್ನಿಸುತ್ತಿದೆ.

ನೀಲಿಎಳೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ಮೊದಲು ಗೈಡ್ ಬಳಿ ಹೋಗಿ ಸೆಮಿನಾರಿನಲ್ಲಿ ತೋರಿಸಿದ ಲೆಕ್ಕ ತಪ್ಪಿರಬಹುದು ಅಂತ ಹೇಳಿದೆ. ಹೇಳುವ ಮುಂಚೆ ಭಯವಿತ್ತು. ಅವರು ಬೈಯಲಿಲ್ಲ, ಬ್ಲ್ಯಾಂಕಿನ ಫಿಲ್ಟರನ್ನು ತಾವೇ ಮೈಕ್ರೋಸ್ಕೋಪಿಗೆ ಇಟ್ಟು ಬಹಳ ಹೊತ್ತು ನೋಡಿದರು. ಮುಂದಿನ ಸೆಮಿನಾರಿನಲ್ಲಿ ಇದನ್ನೇ ಮೊದಲು ತೋರಿಸು ಅಂದರು.

ಕಿತ್ತಳೆ ಬಣ್ಣದ ಹತ್ತಿ ಕೋಟು ಹೊಲಿಸಿಕೊಂಡೆ. ಕಿಟಕಿ ಮುಚ್ಚಿ, ಮೇಜು ಒರೆಸಿ, ಎಲ್ಲವನ್ನೂ ಸೋಸಿ, ಪ್ರತಿ ತಂಡಕ್ಕೂ ಬ್ಲ್ಯಾಂಕ್ ಇಟ್ಟು ಉಳಿದಿದ್ದ ಮೀನುಗಳನ್ನು ಮತ್ತೆ ಮಾಡಿದೆ. ನೀಲಿ ಎಳೆಗಳು ಬಹುತೇಕ ಮಾಯವಾದವು. ಒಂದೆರಡು ಕಿತ್ತಳೆ ಎಳೆ ಬಂದವು, ಅವು ನನ್ನವೇ ಅಂತ ಬರೆದುಕೊಂಡೆ.

ಆದರೆ ಒಂದು ಮೀನಿನ ಫಿಲ್ಟರ್ ಮೇಲೆ ಬೇರೆಯದೇ ಉಳಿಯಿತು. ಎಳೆ ಅಲ್ಲ, ಚೂರು. ಬಣ್ಣವಿಲ್ಲ, ಅರೆಪಾರದರ್ಶಕ, ಒಂದು ಅಂಚು ಮುರಿದ ಗಾಜಿನ ಹಾಗೆ, ಇನ್ನೊಂದು ಸವೆದು ದುಂಡಾಗಿತ್ತು. ಅದರ ಪಕ್ಕದಲ್ಲೇ ಒಂದು ಪ್ರಾಣಿಪ್ಲವಕದ ಚಿಪ್ಪು ಬಿದ್ದಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ. ಬೆಳಕಿನ ಕೋನ ಬದಲಿಸುವವರೆಗೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ. ಬಣ್ಣದ ಎಳೆಗಳನ್ನೇ ಹುಡುಕುತ್ತಿದ್ದ ಹಳೆಯ ಎಣಿಕೆಯಲ್ಲಿ ಇಂಥವು ಎಷ್ಟು ಕಣ್ತಪ್ಪಿದವೋ. ರಸಾಯನಶಾಸ್ತ್ರ ವಿಭಾಗದ ಎಫ್‌ಟಿಐಆರ್‌ಗೆ ಹಾಕಿದೆವು. ಪಾಲಿಪ್ರೊಪಿಲೀನ್. ಆ ದಿನದ ಯಾವ ಬ್ಲ್ಯಾಂಕಿನಲ್ಲೂ ಅದು ಇರಲಿಲ್ಲ.

ಪ್ರಾಜೆಕ್ಟಿನ ಹೆಸರು ಬದಲಿಸಲು ಅರ್ಜಿ ಕೊಟ್ಟಿದ್ದೇನೆ. ಇನ್ನು ಮುಂದೆ ಎಷ್ಟು ಚೂರು ಅಂತ ಅಷ್ಟೇ ಬರೆಯುವುದಿಲ್ಲ. ಪ್ರತಿ ಮೀನಿನ ಬಾಯಿಯ ಅಗಲ, ಅದರ ಹೊಟ್ಟೆಯಲ್ಲಿ ಸಿಕ್ಕ ಸಹಜ ಆಹಾರದ ಗಾತ್ರ, ಚೂರಿನ ಗಾತ್ರ, ಮೂರನ್ನೂ ಒಟ್ಟಿಗೆ ಅಳೆಯುತ್ತೇನೆ. ಮರಿಗಳಲ್ಲೂ ಅದನ್ನೇ ಮಾಡುವ ಆಸೆ.

@ಅಲೆಸಾಲು, ಆಲ್ಕೋಹಾಲಿನಲ್ಲಿ ಇಟ್ಟ ಹಳೆಯ ಪ್ಲವಕ ಮಾದರಿಗಳಲ್ಲಿ ಮೀನಿನ ಮರಿಗಳು ಸಿಕ್ಕಿದರೆ ಅವನ್ನು ಬಳಸಬಹುದೇ? ನಮ್ಮ ವಿಭಾಗದ ಕಪಾಟಿನಲ್ಲಿ ಅಂಥ ಸೀಸೆಗಳು ಸಾಲಾಗಿ ಇವೆ, ಮುಚ್ಚಳ ಮಾತ್ರ ಪ್ಲಾಸ್ಟಿಕ್ಕಿನವು.

ಅಲೆಸಾಲು

ಬಳಸಬಹುದು. ಸೀಸೆಯ ಆಲ್ಕೋಹಾಲನ್ನೇ ಮೊದಲು ಸೋಸಿ ಬ್ಲ್ಯಾಂಕ್ ಆಗಿ ನೋಡಿ. ಮುಚ್ಚಳದಿಂದ ಒಂದು ಚಕ್ಕೆ ಕೆರೆದು ಅದರ ಎಫ್‌ಟಿಐಆರ್ ಗುರುತು ತೆಗೆದಿಟ್ಟುಕೊಳ್ಳಿ, ಮರಿಯ ಹೊಟ್ಟೆಯಲ್ಲಿ ಅದೇ ಸಿಕ್ಕರೆ ಲೆಕ್ಕದಿಂದ ಬಿಡಿ. ಮರಿಯನ್ನು ಕರಗಿಸಬೇಡಿ. ಹೊರಮೈಯನ್ನು ಸೋಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಮೈಕ್ರೋಸ್ಕೋಪಿನ ಕೆಳಗೆ ಸೂಜಿಯಿಂದ ಹೊಟ್ಟೆ ಬಿಡಿಸಿ. ಬಾಯಿಯ ಅಗಲವನ್ನು ಅದಕ್ಕೂ ಮುಂಚೆ ಅಳೆದುಕೊಳ್ಳಿ, ಆಮೇಲೆ ಆಗುವುದಿಲ್ಲ. ಮೊದಲ ಸೀಸೆ ತೆರೆದ ದಿನ ಇಲ್ಲಿ ಬರೆಯಿರಿ.